ಸೇತುವೆಯ ಮೊದಲ ಕಲ್ಲು

ಮುಂಬೈ ಪಕ್ಕದ ಕಲ್ಯಾಣದ ಹೊರಗಿನ ನಮ್ಮ ಹೊಳೆಗೆ ಸೇತುವೆ ಕಟ್ಟಿ ಮುಗಿಸಿದವರಿಲ್ಲ. ಯಾವುದೋ ರಾಜ ಕಲ್ಲಿನಲ್ಲಿ ಕಟ್ಟಿದ, ಪ್ರವಾಹ ಒಯ್ದಿತು. ಆಮೇಲೆ ಯಾರೋ ಸರದಾರ ಮರದಲ್ಲಿ, ಇಂಗ್ಲಿಷರು ಕಬ್ಬಿಣದಲ್ಲಿ, ಸರ್ಕಾರ ಸಿಮೆಂಟಿನಲ್ಲಿ. ಹಿಂದಿನವರ ಕೆಲಸ ಕಳಪೆ ಎಂದು ಬೈದೇ ಎಲ್ಲರೂ ಶುರು ಮಾಡಿದರು. ಈಗ ಹೊಸದೊಂದು ಏಳುತ್ತಿದೆ. ಬೈಯುವ ಕೆಲಸ ಆಗಲೇ ಮುಗಿದಿದೆ.

ಅಡಿಪಾಯ ಅಗೆಯುವಾಗ ನಡುವೆ ಗುಂಡಿಯಿದ್ದ ಕರಿಕಲ್ಲೊಂದು ಸಿಕ್ಕಿತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಶ್ರೀನಿ ಬೆಂಗಳೂರಿನವರು, ಐ.ಟಿ.ಯವರು, ಹುಟ್ಟಿದಾಗಿನಿಂದ ಮಿಕ್ಸಿಯ ಚಟ್ನಿ ತಿಂದವರು.

"ಇದು ಕಂಬ ನಿಲ್ಲಿಸೋ ಕುಳಿ ಸಾರ್. ಮೊದಲನೇ ಸೇತುವೆದು. ಕಟ್ಟಿಸಿದೋನು ನಮ್ಮ ಕನ್ನಡದ ರಾಜನೇ!"

ಕನ್ನಡದ ರಾಜನೊಬ್ಬ ಸಿಕ್ಕರೆ ನಾವು ಪುರಾವೆ ಕೇಳುವವರಲ್ಲ. ಸಂಘದ ಅಧ್ಯಕ್ಷರಾದ ಹೋಟೆಲಿನ ವಸಂತಕುಮಾರರು ಕಲ್ಲನ್ನು ಬೇಡಿ ತಂದು, ಸಂಘದ ಸಭಾಂಗಣದಲ್ಲಿ ಕಟ್ಟೆ ಕಟ್ಟಿಸಿ ಕೂರಿಸಿದರು.

ಹೂ ಕಟ್ಟಲು ಬಂದ ಅವರ ಹೆಂಡತಿ ಜಯಲತಾ ಕಲ್ಲಿನ ಅಂಚು ಮುಟ್ಟಿ ನೋಡಿ ಗಂಡನತ್ತ ತಿರುಗಿದರು.

"ಇದು ಅತ್ತೆಯ ಕಡೆಯುವ ಕಲ್ಲು ಮಾರಾಯ್ರೆ. ಈ ಅಂಚು ಮುಕ್ಕಾದದ್ದು ನನ್ನ ಕೈಯಲ್ಲಿ. ನಾನು ಊರಿಗೆ ಹೋಗಿದ್ದಾಗ ಹೊಳೆಗೆ ಹಾಕಿದ್ದು ನೀವೇ ಅಲ್ವಾ?"

ಅದು ಮನೆಗೆ ಅಕ್ಕಿ ರುಬ್ಬಲು ಗ್ರೈಂಡರ್ ಬಂದ ವರ್ಷ. ಮನೆಯ ಕಲ್ಲನ್ನು ಕಸಕ್ಕೆ ಎಸೆಯಬಾರದು, ನೀರಿಗೆ ಬಿಡಬೇಕೆಂಬ ಶಾಸ್ತ್ರವನ್ನು ವಸಂತಕುಮಾರರು ಟೆಂಪೋ ಮಾಡಿಸಿ, ಸೇತುವೆಯ ಮೇಲಿಂದ ಪಾಲಿಸಿದ್ದರು.

"ಮೆಲ್ಲ ಮಾತಾಡು ಮಾರಾಯ್ತಿ. ನಾಳೆ ಶಾಸಕರು ಬರ್ತಾರೆ. ಶ್ರೀನಿಯ ಭಾಷಣ ಪ್ರಿಂಟ್ ಆಗಿದೆ."

"ನನಗೆ ಕಲ್ಲು ಮನೆಗೆ ಬೇಕು."

"ಸಿಮೆಂಟ್ ಹಾಕಿ ಆಯ್ತಲ್ಲ."

ತಾಯಿಯಿಲ್ಲದೆ ಬೆಳೆದ ಜಯಲತಾ ಈ ಕಲ್ಲಿನ ಮುಂದೆ ಕೂತೇ ಅಡುಗೆ ಕಲಿತವರು. ಅತ್ತೆ ಎದುರು ಕೂತು ಗುಂಡು ತಿರುಗಿಸುತ್ತಿದ್ದರು, ಇವರು ಅಕ್ಕಿ ನೂಕುತ್ತಿದ್ದರು. ಅತ್ತೆ ಹೋದ ಮೇಲೆ ಉಳಿದದ್ದು ಅದೊಂದೇ ಆಗಿತ್ತು.

ಮರುದಿನ ಹೂವಿಡಲು ಕರೆದಾಗ ಜಯಲತಾ ಹೂವನ್ನು ಬದಿಗಿಟ್ಟು ನೆಲದಲ್ಲಿ ಕುಳಿತು, ಗುಂಡಿಯೊಳಗೆ ಕೈಯಾಡಿಸಿದರು. ಕಣ್ಣು ತುಂಬಿ ಬಂತು. ಇದೇನು ಪದ್ಧತಿ ಎಂದು ಶಾಸಕರು ಮರಾಠಿಯಲ್ಲಿ ಕೇಳಿದರು. ಶ್ರೀನಿ ಒಂದಿಷ್ಟೂ ತಡವರಿಸಲಿಲ್ಲ.

"ನಮ್ಮ ಪುರಾತನ ಸೇತುಪೂಜೆ ಸಾಹೇಬ್."

ಈಗ ಪ್ರತಿ ರಾಜ್ಯೋತ್ಸವಕ್ಕೂ ಹೆಂಗಸರು ಸಾಲಾಗಿ ಬಂದು ಗುಂಡಿಯಲ್ಲಿ ಕೈಯಾಡಿಸುತ್ತಾರೆ. ಮೊದಲ ಮರ್ಯಾದೆ ಅಧ್ಯಕ್ಷರ ಹೆಂಡತಿಗೆ. ಜಯಲತಾ ಒಪ್ಪುವುದಿಲ್ಲ, ಎಲ್ಲರೂ ಊಟಕ್ಕೆ ಎದ್ದ ಮೇಲೆ ಬರುತ್ತಾರೆ. ಕಲ್ಲಿನ ಈಚೆ ಒಂದು ಮಣೆ ಹಾಕಿ ಕೂರುತ್ತಾರೆ. ಆಚೆಗೂ ಒಂದು ಮಣೆ ಹಾಕಿರುತ್ತಾರೆ. ಹೋದ ವರ್ಷ ವಸಂತಕುಮಾರರು ಬಂದು ಅದರ ಮೇಲೆ ಕೂರಲು ಹೋದರು.

"ಅಲ್ಲಿ ಬೇಡ," ಎಂದರು ಜಯಲತಾ. ಗಂಡ ಬದಿಗೆ ಸರಿದು ನಿಂತುಕೊಂಡರು.