ಕೋಟೆ ಓಣಿಯ ಅರಮನೆ ಕಲ್ಲು

ಕಿತ್ತೂರಿನ ಕೋಟೆ ಓಣಿಯಲ್ಲಿ ಬಾಯಿ ತೆರೆದವರೆಲ್ಲ ಕಿಲ್ಲೇದಾರರ ವಂಶಸ್ಥರು. ಹಾಲಿಗೆ ನೀರು ಬೆರೆಸುವ ಉಳವಪ್ಪನ ಅಜ್ಜ ಸಹ ಕುದುರೆಯಿಂದ ಇಳಿದೇ ಇರಲಿಲ್ಲವಂತೆ! ಇವರೆಲ್ಲರ ಅರಸ ನಿಜಗುಣಪ್ಪ. ಮನೆಯ ಮುಂದಿನ ಉದ್ದನೆಯ ಕಲ್ಲಿನ ಮೇಲೆ ಕುಳಿತು, ಹೋಗಿಬರುವವರನ್ನು ತಡೆದು, "ಇದು ಅರಮನಿ ಕಲ್ಲರಿ. ಕೆಳಗ ಆನಿ ಕೆತ್ತಿದ್ದೈತಿ" ಎನ್ನುತ್ತಿದ್ದ. ಎದುರುಮನೆಯ ಒಬ್ಬಂಟಿ ಗುರವ್ವ ಅಂಗಳದ ಕಸದೊಂದಿಗೆ ಆ ಮಾತನ್ನೂ ಗುಡಿಸಿ ಎಸೆಯುತ್ತಿದ್ದಳು.

ಎಪ್ಪತ್ಮೂರರ ಮಾಘದಲ್ಲಿ, ಕೋಟೆಯಿಂದ ಜನ ಹೊತ್ತೊಯ್ದಿದ್ದ ಕೆತ್ತನೆಯ ಕಲ್ಲುಗಳನ್ನು ಮರಳಿ ಒಯ್ಯಲು ಸರ್ಕಾರದ ಸಾಹೇಬನೊಬ್ಬ ಆಳುಗಳು, ಚಕ್ಕಡಿಯೊಂದಿಗೆ ಓಣಿಗೆ ಬಂದ. ವಂಶಾವಳಿಗಳೆಲ್ಲ ಕ್ಷಣದಲ್ಲಿ ಕರಗಿದವು.

"ನಮ್ಮ ಮುತ್ತ್ಯಾ ಸಂಗೊಳ್ಳಿಯಿಂದ ದುಡಿಯಾಕ ಬಂದಾಂವರಿ" ಎಂದ ಉಳವಪ್ಪ. ನಿಜಗುಣಪ್ಪನಂತೂ ಕಲ್ಲಿನ ಮೇಲೆ ಕೌದಿ ಹಾಸಿ ಕುಳಿತು, "ಆ ಗುರವ್ವನ ಹೊಸ್ತಲ ನೋಡ್ರಿ ಸಾಹೇಬ್ರ, ಕ್ವಾಟಿದ ಐತಿ" ಎಂದು ಬೆರಳು ತೋರಿಸಿದ.

ಗುರವ್ವನ ಮಣ್ಣಿನ ಮುಂಗೋಡೆ ನಿಂತಿದ್ದುದೇ ಆ ಹೊಸ್ತಿಲ ಮೇಲೆ. ಅದನ್ನು ಎಬ್ಬಿಸಿದರೆ ಮಾಳಿಗೆಯೇ ಕೆಳಗೆ. ಅವಳಿಗೆ ಬೇರೆ ಸೂರಿಲ್ಲ.

"ಕಾಲು ತಾಗಬಾರದಂತ ಕೆತ್ತನಿ ಕೆಳಗ ಮಾಡಿ ಹಾಸೂದು ನಿಮ್ಮ ಪದ್ಧತಿ. ಹಾರಿ ಹಾಕಿ ನೋಡ್ರಿ" ಎಂದ ಸಾಹೇಬ. ಹಾರೆಯ ಮೊನೆ ವಿಭೂತಿ ಬಳಿದ ಹೊಸ್ತಿಲ ಅಂಚಿಗೆ ತಾಗಿತು.

ಅಂಗಲಾಚಿದರೆ ಈ ಓಣಿಯಲ್ಲಿ ಯಾರೂ ಕರಗರು. ಕೆಣಕಿದರೆ ಒಬ್ಬನಾದರೂ ಉರಿಯುತ್ತಾನೆ. ಗುರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಎಬ್ಬಸ್ರಿ ಸಾಹೇಬ್ರ. ಓಣ್ಯಾಗ ಕ್ವಾಟಿ ಕಲ್ಲಿದ್ದದ್ದು ನಮ್ಮ ಮನ್ಯಾಗಷ್ಟ. ನಿಜಗುಣಪ್ಪಣ್ಣಂದು ಹೂಲಿ ಊರ ಹೊಲದ ಕಲ್ಲು. ಅವರಪ್ಪ ದನಾ ಕಟ್ಟಾಕ ತಂದಿದ್ದ."

ಓಣಿ ಕಿಸಕ್ಕನೆ ನಕ್ಕಿತು.

"ಏನಂದಿ?" ನಿಜಗುಣಪ್ಪನ ಮೀಸೆ ನಡುಗಿತು.

"ದನದ ಕಲ್ಲು ಅಂದ್ನಿ. ತಪ್ಪೇನೈತಿ? ದಿನಾ ಕುಂದರಾವ್ರು ನೀವ ಅಲ್ಲೇನು?"

ಅವನು ಕೌದಿಯನ್ನು ಕಿತ್ತೆಸೆದ. "ಹಾರಿ ಇಲ್ಲಿ ತರ್ರಿ! ಹೊಳ್ಳಿಸಿ ನೋಡ್ರಿ, ಆನಿ ಐತೋ ದನಾ ಐತೋ!"

ಹೊರಳಿಸಿದರು. ಮಣ್ಣು ಕೊಡವಿದಾಗ ಸೊಂಡಿಲೆತ್ತಿದ ಆನೆ ಹೊರಬಂತು. ನಿಜಗುಣಪ್ಪ ಎದೆಯುಬ್ಬಿಸಿ ಓಣಿಯನ್ನೆಲ್ಲ ಒಂದು ಸುತ್ತು ನೋಡಿ ಮುಗಿಸುವಷ್ಟರಲ್ಲಿ ಆನೆ ಚಕ್ಕಡಿ ಏರಿತ್ತು. ಆನೆ ಸಿಕ್ಕ ಹಿಗ್ಗಿನಲ್ಲಿ ಸಾಹೇಬ, "ಆ ಹೊಸ್ತಲ ಬಿಡ್ರಿ, ಗ್ವಾಡಿ ಬೀಳತೈತಿ" ಎಂದು ನಡೆದುಬಿಟ್ಟ.

ಮರುದಿನ ನಿಜಗುಣಪ್ಪ ಬರಿನೆಲದ ಮೇಲೆ ಕುಳಿತು ದಾರಿಹೋಕನೊಬ್ಬನನ್ನು ತಡೆದಿದ್ದ. "ನಮ್ಮ ಕಲ್ಲು ಈಗ ಸರ್ಕಾರದ ಕಡೆ ಐತ್ರಿ!"

ಗುರವ್ವ ಹೊಸ್ತಿಲು ತೊಳೆದು ವಿಭೂತಿ ಬಳಿದಳು. ಉಳಿದ ನೀರನ್ನು ಅವನು ಕುಳಿತತ್ತಲೇ ಚೆಲ್ಲಿದಳು.

"ಆ ಕಡೆ ಸರೀರಿ ದೊರಿ, ಧೂಳ ಏಳಾಕ ಹತ್ತೈತಿ."