ಗೋಡೆ ಹಿಡಿದು ಇಪ್ಪತ್ತೇಳು ಹೆಜ್ಜೆ

ಬೇಸ್‌ಬಾಲ್ ಎಸೆತಗಾರ ಜಿಗ್ಗಿ ವಾಲ್ಕೊ ಸತ್ತು ಐವತ್ತು ವರ್ಷವಾದರೂ ಅವನ ಗೋರಿಯ ಮೇಲೆ ಚೆಂಡು ಇಟ್ಟು ಹೋಗುವವರು ಇನ್ನೂ ಇದ್ದಾರೆ. ಅದೇ ಸ್ಮಶಾನದಲ್ಲಿ, ಹೋದ ಅಕ್ಟೋಬರಿನಲ್ಲಿ, ಬರ್ನಿಸ್‌ಳ ಗಂಡ ಕ್ಯಾಸ್ ಜಿಗ್ಗಿಯ ನೆನಪಿಗೆಂದು ಒಂದು ಪೆಟ್ಟಿಗೆ ಬಚ್ಚಿಟ್ಟಿದ್ದ. ಒಳಗೆ ಕೈಯಿಂದ ಕೆತ್ತಿದ ರಬ್ಬರ್ ಮೊಹರು, ಒಂದು ಪುಸ್ತಕ. ಆಟ ಇಷ್ಟೇ: ಸುಳಿವು ಹಿಡಿದು ಹುಡುಕಿದವರು ಪುಸ್ತಕದಲ್ಲಿ ತಮ್ಮ ಮೊಹರು ಒತ್ತಿ, ಪೆಟ್ಟಿಗೆಯನ್ನು ಮತ್ತೆ ಅಲ್ಲೇ ಇಡಬೇಕು. ಬೆಳೆದ ಮನುಷ್ಯರಿಗೆ ಇದೆಂಥ ಹುಚ್ಚು ಅಂದರೆ, ಹೌದು, ಹುಚ್ಚೇ. ಆ ಹುಚ್ಚಿನಲ್ಲೇ ಗಂಡ ಹೆಂಡತಿ ಮೂವತ್ತು ವರ್ಷ ಪೆನ್ಸಿಲ್ವೇನಿಯದ ಗುಡ್ಡಗಳನ್ನೆಲ್ಲ ಸುತ್ತಿದ್ದರು.

ಆ ಅಕ್ಟೋಬರಿಗೂ ಮೊದಲೇ ಬರ್ನಿಸ್‌ಳ ಸೊಂಟದ ಆಪರೇಷನ್ ಆಗಿ ಅದು ನಿಂತಿತ್ತು. ಪೆಟ್ಟಿಗೆ ಬಚ್ಚಿಟ್ಟ ಮೇಲೆ ಕ್ಯಾಸ್ ಅದರ ಸುಳಿವಿನ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ ಪ್ರತಿ ಭಾನುವಾರ ಕರೆಯುತ್ತಿದ್ದ. ಕೋಲೂರಿಕೊಂಡು ನಾಲ್ಕು ಜನರ ಕಣ್ಣಿಗೆ ಬೀಳುವುದು ಬೇಡವೆಂದು ಅವಳು ‘ಮುಂದಿನ ವಾರ’ ಎನ್ನುತ್ತಿದ್ದಳು. ಮಾರ್ಚ್‌ನಲ್ಲಿ ಕ್ಯಾಸ್ ತೀರಿಕೊಂಡ. ಈಗ ಸೋಮವಾರ ಸ್ಮಶಾನದ ಹಳೇ ಕಲ್ಲುಗೋಡೆ ಕೆಡವುತ್ತಾರಂತೆ. ಪೆಟ್ಟಿಗೆ ಇರುವುದು ಆ ಗೋಡೆಯಲ್ಲೇ. ಅವನು ಕೊನೆಯದಾಗಿ ಕೆತ್ತಿದ ಮೊಹರು ಕಲ್ಲುಮಣ್ಣಿನ ಜೊತೆ ಲಾರಿ ಹತ್ತಿ ಹೋಗಲು ಅವಳು ಬಿಡುವವಳಲ್ಲ.

ಶನಿವಾರ ಕ್ಯಾಸ್‌ನ ಗೆಳೆಯ ಆರ್ಲೋನನ್ನು ಸ್ಮಶಾನಕ್ಕೆ ಕರೆದುಕೊಂಡು ಬಂದಳು. ಕ್ಯಾಸ್‌ನಷ್ಟೇ ಉದ್ದದ ಆಸಾಮಿ, ಬಾಯಿ ಇನ್ನೂ ಉದ್ದ. ಅವನು ಚೀಟಿ ಓದಿದ: “ಜಿಗ್ಗಿಗೆ ಬೆನ್ನು ಹಾಕಿ ಗೋಡೆ ಮುಟ್ಟು. ಎಡಕ್ಕೆ ತಿರುಗು. ಪೂರ್ತಿ ಪಂದ್ಯದಲ್ಲಿ ಅವನು ಎಷ್ಟು ಜನರನ್ನ ಔಟ್ ಮಾಡ್ಬೇಕೋ, ಅಷ್ಟು ಹೆಜ್ಜೆ.”

“ಇಪ್ಪತ್ತೇಳು,” ಎಂದಳು ಬರ್ನಿಸ್.

“ನಂಗೊತ್ತಿಲ್ವೇನೇ? ನೀನು ಬೆಂಚ್ ಮೇಲೆ ಕೂತ್ಕೋ. ಕ್ಯಾಸ್ ಬಚ್ಚಿಟ್ಟಿದ್ದು ಯಾವ್ದು ನನ್ ಕಣ್ ತಪ್ಸಿದೆ?”

ಆರ್ಲೋ ದಾಪುಗಾಲಿಟ್ಟು ಇಪ್ಪತ್ತೇಳು ಎಣಿಸಿ, ಮೊಣಕಾಲೂರಿ, ಬುಡದ ಸಂದುಗಳನ್ನೆಲ್ಲ ತಡಕಿದ. ಈ ಆಟದವರೆಲ್ಲ ಪೆಟ್ಟಿಗೆ ಇಡುವುದು ಬುಡದಲ್ಲೇ, ಹುಡುಕುವುದೂ ಅಲ್ಲೇ. ಅರ್ಧ ಗಂಟೆ ಕಳೆದರೂ ಸಿಕ್ಕಿದ್ದು ಒಂದು ಹಾವಿನ ಪೊರೆ.

“ಯಾರೋ ಎತ್ಕೊಂಡ್ ಹೋಗಿದಾರೆ, ಬಿಡು ಬರ್ನಿ,” ಎಂದು ಮೆಲ್ಲಗೆ ಹೇಳಿದ.

ಅವಳು ಬೆಂಚಿನಿಂದ ಎದ್ದಳು. ಸೋಮವಾರ ಇಲ್ಲವಾಗುವ ಈ ಗೋಡೆಯನ್ನು ಒಂದು ಸಲವಾದರೂ ಮುಟ್ಟಿ ಹೋಗೋಣವೆಂದು ಕೋಲೂರಿ ನಡೆದಳು. ಜಿಗ್ಗಿಯ ಗೋರಿಯ ನೇರದಿಂದ ಗೋಡೆ ಹಿಡಿದು ಎಡಕ್ಕೆ ಹೊರಟಾಗ ಬಾಯಿ ತಾನಾಗಿ ಎಣಿಸತೊಡಗಿತು. ಆಪರೇಷನ್ ಆದಮೇಲೆ ಹಜಾರದಲ್ಲಿ ಪಕ್ಕಪಕ್ಕದಲ್ಲೇ ನಡೆಯುತ್ತ ಅವಳ ಹೆಜ್ಜೆ ಎಣಿಸುತ್ತಿದ್ದವನು ಕ್ಯಾಸ್. ಗುಬ್ಬಿ ಹೆಜ್ಜೆ ಎಂದು ಛೇಡಿಸುತ್ತಿದ್ದ. ಇಪ್ಪತ್ತೇಳಕ್ಕೆ ನಿಂತಳು. ಆರ್ಲೋ ಹುಡುಕಿದ ಜಾಗ ಅಲ್ಲಿಂದ ಇನ್ನೂ ಅಷ್ಟೇ ದೂರ ಮುಂದಿತ್ತು. ಅವಳ ಎದೆಯ ಮಟ್ಟಕ್ಕೆ, ಬಗ್ಗುವ ಕೆಲಸವೇ ಇಲ್ಲದಂತೆ, ಒಂದು ಕಲ್ಲು ಅಲುಗಾಡುತ್ತಿತ್ತು.

ಕಲ್ಲು ಸರಿಸಿ, ಪೆಟ್ಟಿಗೆ ತೆರೆದು, ಪುಸ್ತಕ ಬಿಡಿಸಿದಳು. ಒಬ್ಬರ ಮೊಹರೂ ಇರಲಿಲ್ಲ. ಸುಳಿವನ್ನು ಅವನು ಬೇರೆ ಯಾರಿಗೂ ಕೊಟ್ಟೇ ಇರಲಿಲ್ಲ. ಮೊದಲ ಪುಟದಲ್ಲಿ ಅವನ ಕೋಳಿಕಾಲಿನ ಅಕ್ಷರ:

‘ಅಕ್ಟೋಬರ್ ೬. ಪೆಟ್ಟಿಗೆ ನೆಂದಿಲ್ಲ. ಬರ್ನಿ ಬಂದಿಲ್ಲ.’

‘ನವೆಂಬರ್ ೩. ಪುಸ್ತಕದ ಪ್ಲಾಸ್ಟಿಕ್ ಚೀಲ ಬದಲಾಯಿಸಿದೆ. ಬರ್ನಿ ಬಂದಿಲ್ಲ.’

‘ಫೆಬ್ರವರಿ ೯. ಹಿಮ. ಈಗ ಬೇಡ, ಜಾರಿ ಬಿದ್ದಾಳು. ಮೇ ತಿಂಗಳಲ್ಲಿ ಕರೆಯಬೇಕು.’

ಬರ್ನಿಸ್ ಗೋಡೆಗೆ ಹಣೆಯಿಟ್ಟು ಅತ್ತಳು. ಆರ್ಲೋ ಓಡಿ ಬಂದವನು ಪುಟ ನೋಡಿ ಟೋಪಿ ತೆಗೆದ.

“ಪೆನ್ ಇದ್ರೆ ಕೊಡೋ,” ಎಂದಳು ಅವಳು ಮೂಗೊರೆಸಿಕೊಂಡು.

ಕ್ಯಾಸ್‌ನ ಕೊನೆಯ ಸಾಲಿನ ಕೆಳಗೆ, ಕೈಚೀಲದಲ್ಲಿ ತಂದಿದ್ದ ತನ್ನ ಮೊಹರು ಒತ್ತಿ, ಪಕ್ಕದಲ್ಲಿ ಬರೆದಳು: ‘ಮೇ ೧೭. ಬರ್ನಿ ಬಂದಳು.’