ಅಂಗೈ ಕೆಳಗಿನ ತಲೆ

ಮಗು ತಲೆ ಮೇಲಾಗಿ ಕೂತಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದಾಗ ಸೊಸೆ ಗಾಬರಿಯಾದಳು. ಅತ್ತೆಗೆ ಮಾತ್ರ ಒಳಗೊಳಗೇ ಜೀವ ಬಂದಂತಾಯಿತು. ಅವಳ ಮಗನೂ ಹೊಟ್ಟೆಯಲ್ಲಿ ಹಾಗೆಯೇ ಕೂತಿದ್ದು, ಕಾಲು ಮುಂದಾಗಿ ಹುಟ್ಟಿದವನು. ಗಾರೆ ಕೆಲಸದವನು. ಸೊಸೆಗೆ ಐದು ತಿಂಗಳಾಗಿದ್ದಾಗ ನಿಂತಿದ್ದ ಸಾರುವೆ ಮುರಿದು, ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ತೀರಿಹೋಗಿದ್ದ.

"ಹೊರಗಿಂದ್ಲೇ ಕೈಯಲ್ಲಿ ಒತ್ತಿ ತಿರುಗಿಸಿ ನೋಡೋಣ," ಎಂದರು ಡಾಕ್ಟರಮ್ಮ. "ಆಗ್ಲಿಲ್ಲ ಅಂದ್ರೆ ಆಪರೇಷನ್ ಇದ್ದೇ ಇದೆ."

"ಯಾಕೆ ತಿರುಗಿಸ್ತೀರಿ? ಅವನ ಹಾಗೇ ಇರ್ಲಿ ಬಿಡಿ," ಅತ್ತೆಯ ಬಾಯಿಂದ ಥಟ್ಟನೆ ಬಂತು.

"ಹಾಗೇ ಇದ್ಬಿಟ್ರೆ ಅವರು ವಾಪಸ್ ಬರ್ತಾರಾ ಅತ್ತೆ?" ಎಂದ ಸೊಸೆ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅತ್ತೆ ಗೋಡೆಯ ಕಡೆ ಸರಿದು ನಿಂತಳು.

ಗರ್ಭಕೋಶ ಸಡಿಲವಾಗಲೆಂದು ಇಂಜೆಕ್ಷನ್ ಕೊಟ್ಟರು. ಹೊಟ್ಟೆಗೆ ಜೆಲ್ ಸವರಿ, ಡಾಕ್ಟರಮ್ಮ ಒಂದು ಕೈಯಲ್ಲಿ ಮಗುವಿನ ಕುಂಡೆಯನ್ನು ಮೇಲಕ್ಕೆತ್ತಿ, ಇನ್ನೊಂದರಲ್ಲಿ ತಲೆಯನ್ನು ಪಕ್ಕಕ್ಕೆ ಒತ್ತತೊಡಗಿದರು. ಸೊಸೆ ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿದಳು. ಮಗು ಅರ್ಧಕ್ಕೆ ಬಂದು ಜಾರಿ ಮತ್ತೆ ಮೊದಲಿನಂತೆಯೇ ಕೂತಿತು.

"ಅಜ್ಜಿ ಹಠಾನೇ ಬಂದಿದೆ ಇದಕ್ಕೆ," ನರ್ಸು ನಕ್ಕಳು.

ಎರಡನೇ ಸಲ ಒತ್ತುವಾಗ, ಯಂತ್ರದಲ್ಲಿ ಟಕಟಕ ಓಡುತ್ತಿದ್ದ ಮಗುವಿನ ಎದೆಬಡಿತದ ಸದ್ದು ನಿಧಾನವಾಯಿತು. ಡಾಕ್ಟರಮ್ಮ ಕೈ ತೆಗೆದರು. ಅತ್ತೆ ಮಂಚದ ಹತ್ತಿರ ಬಂದಳು. ಅವನ ಹಾಗೆ ಆಗುವುದು ಬೇಡ, ಹೇಗಾದರೂ ಇರಲಿ, ಇದ್ದರೆ ಸಾಕು ಎಂದು ಅವಳ ಜೀವ ಬೇಡಿಕೊಂಡಿತು. ಬಡಿತ ಮೆಲ್ಲಗೆ ಮೊದಲಿನ ಓಟಕ್ಕೆ ಬಂತು.

"ಸಾಕು ಮಾಡೋಣವಾ?" ಡಾಕ್ಟರಮ್ಮ ಕೇಳಿದರು.

ಸೊಸೆ ಅತ್ತೆಯ ಕಡೆ ನೋಡಿದಳು. "ಇನ್ನೊಂದ್ಸಲ ನೋಡಿ, ಅಮ್ಮಾ," ಎಂದಳು ಅತ್ತೆ.

ಈ ಸಲ ಹೊಟ್ಟೆ ಒಂದು ಕಡೆ ಉಬ್ಬಿ, ಅಲೆಯಂತೆ ಹೊರಳಿ, ಸಮವಾಯಿತು. ಡಾಕ್ಟರಮ್ಮ ಅತ್ತೆಯ ಕೈ ಹಿಡಿದು ಕಿಬ್ಬೊಟ್ಟೆಯ ಮೇಲಿಟ್ಟರು. "ತಲೆ ಇಲ್ಲಿದೆ, ಮುಟ್ಟಿ ನೋಡಿ."

ಗುಂಡಗೆ, ಗಟ್ಟಿಯಾಗಿ ಸಿಕ್ಕಿತು. ಅತ್ತೆಯ ದುಃಖದ ಕಟ್ಟೆಯೊಡೆಯಿತು.

"ಆವತ್ತು ಅವನು ಬಿದ್ದಾಗ ತಲೆ ಮುಟ್ಟೋಕೆ ಬಿಡ್ಲಿಲ್ಲ ಕಣೇ. ಬಟ್ಟೆ ಸುತ್ತಿದ್ರು. ನೋಡ್ಬೇಡಿ ಅಂದ್ರು. ಹೆತ್ತವಳು ನಾನು, ಒಂದ್ಸಲ ಸವರೋಕೂ ಬಿಡ್ಲಿಲ್ಲ."

ಸೊಸೆ ಜೆಲ್ಲಿನಿಂದ ಜಾರುತ್ತಿದ್ದ ಆ ಒರಟು ಕೈ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದಳು.

ಕೆಲವು ವಾರಗಳ ನಂತರ ಹೆಣ್ಣು ಮಗು ಹುಟ್ಟಿತು, ಆಪರೇಷನ್ನಿಲ್ಲದೆ. ಯಾರ ಹೋಲಿಕೆ ಎಂದು ನೆರೆಯವರು ಕೇಳಿದರೆ ಅತ್ತೆ, "ಅದರದ್ದೇ," ಎಂದು ಒಳಗೆ ಹೋಗಿಬಿಡುತ್ತಿದ್ದಳು.